ಉಬುಂಟುನಲ್ಲಿ ನನ್ನ ಎಡಿಟರ್ ಡೀಫಾಲ್ಟ್ ಮಾಡ್ಕೊಂಡಿದ್ದು ಹೀಗೆ

ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು 24.04 (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕ್ಕೊಂಡೆ. ಟೆಕ್ಸ್ಟ್ ಫೈಲ್ ಒತ್ತಿದ್ರೆ ಗ್ನೋಮ್ ಟೆಕ್ಸ್ಟ್ ಎಡಿಟರ್ ತೆಗೆಯುತ್ತೆ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ನ್ಯಾನೋ ಅನ್ನೋ ಎಡಿಟರ್ ಬರುತ್ತೆ. ಎರಡೂ ಕೆಟ್ಟದ್ದೇನಲ್ಲ ಬಿಡಿ, ಆದ್ರೆ ನಂಗೆ ಬೇಕಿದ್ದು ಟರ್ಮಿನಲ್ ಹೊರಗೆ ಕೇಟ್, ಟರ್ಮಿನಲ್‌ನಲ್ಲಿ ವಿಮ್ ಅನ್ನೋ ಎಡಿಟರ್‌ಗಳು. ಒಂದೇ ಸಾಲ್ದಾ ಅಂತ ಕೇಳ್ಬೇಡಿ, ನಾನು ಕನ್ನಡದಲ್ಲೂ ಬರೀತೀನಿ, ಗ್ನೋಮ್ ಟರ್ಮಿನಲ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರಲ್ಲ, "ಸ್ತ್ರೀ" ಅಂತ ಟೈಪ್ ಮಾಡಿ ನೋಡಿ ಗೊತ್ತಾಗುತ್ತೆ. ಕೇಟ್‌ನಲ್ಲಿ ಆ ತಲೆನೋವಿಲ್ಲ.

ಕೇಟ್ ಕೆಲಸ ಸುಲಭ. ಫೈಲ್ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ಕೇಟ್ ಆರಿಸಿ ಕೆಳಗಿರೋ "ಯಾವಾಗ್ಲೂ ಇದನ್ನೇ ಬಳಸು" ಅನ್ನೋ ಸ್ವಿಚ್ ಆನ್ ಮಾಡಿದ್ರೆ ಮುಗೀತು. ಆದ್ರೆ ಇದು ಫೈಲ್ ಟೈಪ್ ಲೆಕ್ಕದಲ್ಲಿ ನಡೆಯೋದು, ಮಾಮೂಲಿ ಟೆಕ್ಸ್ಟ್‌ಗೆ ಮಾಡಿದ್ದು ಮಾರ್ಕ್‌ಡೌನ್‌ಗೆ, ಪೈಥಾನ್‌ಗೆ ತಾಗಲ್ಲ, ಅವಕ್ಕೆ ಮತ್ತೆ ಬೇರೆ ಬೇರೆ ಮಾಡ್ಬೇಕು.

ಟರ್ಮಿನಲ್ ಕಥೆನೇ ಬೇರೆ, ಅಲ್ಲಿ ಎಡಿಟರ್ ಯಾವ್ದು ಅಂತ ಒಂದೊಂದು ಪ್ರೋಗ್ರಾಂ ಒಂದೊಂದು ಕಡೆ ಹೋಗಿ ಕೇಳುತ್ತೆ. ಉಬುಂಟು ಜೊತೆ ಬರೋದು ವಿಮ್ ಟೈನಿ ಅನ್ನೋ ಚಿಕ್ಕ ಆವೃತ್ತಿ ಮಾತ್ರ, ಹಾಗಾಗಿ ಮೊದ್ಲು ಪೂರ್ತಿ ವಿಮ್ ಇನ್‌ಸ್ಟಾಲ್ ಮಾಡ್ದೆ. ಆಮೇಲೆ ಟರ್ಮಿನಲ್ ತೆಗೆದಾಗ ತಾನಾಗಿ ಓದಿಕೊಳ್ಳೋ ಬ್ಯಾಶ್‌ಆರ್‌ಸಿ (.bashrc) ಫೈಲ್‌ನ ಕೊನೇಲಿ ವಿಶುವಲ್ (VISUAL), ಎಡಿಟರ್ (EDITOR) ಅನ್ನೋ ಎರಡು ವೇರಿಯಬಲ್‌ಗೂ ವಿಮ್ ಅಂತ, ಬೇರೆ ಪ್ರೋಗ್ರಾಂಗಳಿಗೂ ಕಾಣೋ ಹಾಗೆ, ಎಕ್ಸ್‌ಪೋರ್ಟ್ ಮಾಡ್ದೆ. ಕ್ರಾನ್‌ಟ್ಯಾಬ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯೋ ಕೆಲಸಗಳ ಪಟ್ಟಿ), ಗಿಟ್ (ಕೋಡ್ ಬದಲಾವಣೆ ದಾಖಲಿಸೋ ಟೂಲ್) ಎಲ್ಲಾ ಇದನ್ನ ನೋಡ್ಕೊಳ್ಳುತ್ವೆ. ಇದನ್ನ ಸೆಟ್ ಮಾಡದೆ ಮೊದಲ ಸಲ ಕ್ರಾನ್‌ಟ್ಯಾಬ್ ಎಡಿಟ್ ಮಾಡೋಕೆ ಹೋದ್ರೆ ಒಂದು ಪಟ್ಟಿ ಮುಂದಿಟ್ಟು ಯಾವ್ದು ಬೇಕು ಅಂತ ಕೇಳುತ್ತೆ, ನ್ಯಾನೋ ಎದುರಿಗೆ ಬಾಣದ ಗುರುತು ಹಾಕಿ "ಈಸಿಯೆಸ್ಟ್" ಅಂತ ಬೇರೆ ಬರ್ದಿರ್ತಾರೆ! ಅದೇ ಪಟ್ಟಿಲಿ 1969ರಲ್ಲಿ ಕೆನ್ ಥಾಂಪ್ಸನ್ ಬರೆದ ಇಡಿ (ed) ಎಡಿಟರ್ ವಂಶದ್ದೂ ಒಂದು ಕೂತಿರುತ್ತೆ, ಯಾರು ಆರಿಸ್ತಾರೋ ದೇವ್ರೇ ಬಲ್ಲ.

ಇಷ್ಟಾದ್ರೂ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ನಡೆಸೋದು) ಹಾಕಿ ವಿಸುಡೋ (ಸುಡೋ ನಿಯಮಗಳ ಫೈಲ್ ತಿದ್ದೋ ಕಮಾಂಡ್) ತೆಗೆದ್ರೆ ನ್ಯಾನೋನೇ ಬರುತ್ತೆ, ಯಾಕಂದ್ರೆ ಸುಡೋ ನಮ್ಮ ವೇರಿಯಬಲ್‌ಗಳನ್ನ ಒಳಗೆ ಬಿಟ್ಕೊಳ್ಳಲ್ಲ. ಅದಕ್ಕೆ ಸಿಸ್ಟಂನ ಡೀಫಾಲ್ಟ್ ಪ್ರೋಗ್ರಾಂ ಆರಿಸೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕಮಾಂಡ್‌ಗೆ ಕಾನ್ಫಿಗ್ ಎಡಿಟರ್ ಅಂತ ಕೊಟ್ಟೆ, ಅಲ್ಲಿ ನ್ಯಾನೋ ಪ್ರಯಾರಿಟಿ 40, ವಿಮ್ ಬೇಸಿಕ್‌ದು (ನಾನು ಹಾಕ್ಕೊಂಡ ಪೂರ್ತಿ ವಿಮ್‌ಗೆ ಅಲ್ಲಿರೋ ಹೆಸರು) 30, ಹೆಚ್ಚಿರೋದೇ ತಾನಾಗಿ ಗೆಲ್ಲುತ್ತೆ. ವಿಮ್ ಬೇಸಿಕ್ ಎದುರಿನ ನಂಬರ್ ಒತ್ತಿ ಎಂಟರ್ ಕೊಟ್ಟೆ, ಸಿಸ್ಟಂ ಪೂರ್ತಿಗೆ ಬದಲಾಯ್ತು.

ಗಿಟ್‌ಗೆ ವಿಮ್ ಬದ್ಲು ವಿಎಸ್ ಕೋಡ್ ಅನ್ನೋ ಎಡಿಟರ್ ಬೇಕು ಅನ್ನೋರು ಗಿಟ್‌ನ ಕೋರ್ ಎಡಿಟರ್ ಸೆಟ್ಟಿಂಗ್‌ನಲ್ಲಿ ಕೋಡ್ ಜೊತೆ ವೇಟ್ (--wait) ಆಪ್ಷನ್ನೂ ಹಾಕ್ಬೇಕು, ಇಲ್ಲಾಂದ್ರೆ ನೀವು ಒಂದಕ್ಷರ ಟೈಪ್ ಮಾಡೋ ಮುಂಚೆನೇ ಮೆಸೇಜ್ ಖಾಲಿ ಇದೆ ಅಂತ ಗಿಟ್ ಕಮಿಟ್‌ನ (ಬದಲಾವಣೆ ದಾಖಲಿಸೋದನ್ನ) ಕ್ಯಾನ್ಸಲ್ ಮಾಡಿಬಿಡುತ್ತೆ.