ಸ್ಕೋರ್ ಇಳಿದ್ರೆ ಸಾಕಾ?

ಮುಂಬೈ ಭಾಗದ ಮಾಟುಂಗಾ, ಡೊಂಬಿವ್ಲಿ ಕಡೆ ವಯಸ್ಸಾದವರಿಗೆ ಕೌನ್ಸೆಲಿಂಗ್ ಮಾಡ್ತೀನಿ, ಹೆಚ್ಚಿನವರು ಊರಿಂದ ಬಂದು ಹೋಟೆಲ್ ಲೈನಲ್ಲೇ ಜೀವನ ಕಳೆದವರು, ಇಲ್ಲಾಂದ್ರೆ ಮಗನ ಮನೇಲಿರೋ ಅಮ್ಮಂದಿರು. ಥೆರಪಿಯಿಂದ ಗುಣ ಆಯ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ ಅಂತ ಜೂನಿಯರ್ಸ್ ಕೇಳ್ತಿರ್ತಾರೆ.

ಎಲ್ಲರೂ ಮೊದಲು ಹಿಡಿಯೋದು ಪಿಎಚ್‌ಕ್ಯೂ-9. ಖಿನ್ನತೆ ಅಳೆಯೋ ಪ್ರಶ್ನೆಪಟ್ಟಿ ಅದು, ಒಂಬತ್ತು ಪ್ರಶ್ನೆ, ಒಟ್ಟು 27 ಮಾರ್ಕ್ಸ್, ಜಾಸ್ತಿ ಆದಷ್ಟೂ ಖಿನ್ನತೆ ಜಾಸ್ತಿ. ಅದ್ರಲ್ಲಿ ನಿದ್ದೆ, ಸುಸ್ತು, ಹಸಿವು ಎಲ್ಲಾ ಬರುತ್ತೆ, ಶುಗರ್ ಇದ್ದು ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳೋ ಅಜ್ಜನಿಗೆ ಮನಸ್ಸು ಹಗುರಾದ್ರೂ ಆ ಮಾರ್ಕ್ಸ್ ಇಳಿಯೋದೇ ಇಲ್ಲ. ಅದಕ್ಕೇ ಜೊತೆಗೆ ಜಿಡಿಎಸ್-15 ತಗೋತೀನಿ, ಅದೂ ಖಿನ್ನತೆ ಅಳೆಯೋ ಪಟ್ಟಿನೇ, ವಯಸ್ಸಾದವರಿಗಂತಲೇ 1980ರ ದಶಕದಲ್ಲಿ ಮಾಡಿದ್ದು, ನಿದ್ದೆ-ಹಸಿವಿನ ಪ್ರಶ್ನೆ ಇಲ್ಲ, ಹೌದು-ಇಲ್ಲ ಅಂದ್ರೆ ಸಾಕು. ಆದ್ರೆ ಅದ್ರಲ್ಲೂ ಹೊರಗೆ ಹೋಗೋದಕ್ಕಿಂತ ಮನೇಲಿರೋದೇ ಇಷ್ಟಾನಾ ಅನ್ನೋ ಪ್ರಶ್ನೆ ಇದೆ. ಲಿಫ್ಟ್ ಇಲ್ಲದ ಮೂರನೇ ಮಾಳಿಗೆ, ಜುಲೈ ಮಳೆ, ಮಂಡಿ ನೋವು, ಯಾರು ಇಲ್ಲ ಅಂತಾರೆ ಹೇಳಿ!

ಪಿಎಚ್‌ಕ್ಯೂ ಕೊನೇ ಪ್ರಶ್ನೆ, ಸತ್ರೆ ಒಳ್ಳೇದು ಅನ್ಸುತ್ತಾ ಅನ್ನೋದು, ಅದಕ್ಕೆ ನಮ್ಮವರು "ದೇವ್ರು ಬೇಗ ಕರ್ಕೊಂಡ್ರೆ ಸಾಕಮ್ಮ" ಅಂತಾರೆ, ಕಾಫಿ ಕುಡೀತಾ ಕುಡೀತಾನೇ. ಅದು ಮಾತಿನ ರೂಢಿನೋ ನಿಜವಾದ ಯೋಚನೆನೋ ಅಂತ ಸ್ಕೋರ್ ಹೇಳಲ್ಲ. ಸೊಸೆನ ಹೊರಗೆ ಕಳಿಸಿ ನೇರವಾಗೇ ಕೇಳ್ತೀನಿ, ನೀವೇ ಏನಾದ್ರೂ ಮಾಡ್ಕೋಬೇಕು ಅನ್ಸಿದ್ಯಾ, ಮಾತ್ರೆ ಕೂಡಿಟ್ಟಿದೀರಾ ಅಂತ. ಕೇಳಿದ್ರೆ ತಲೆಗೆ ಹೊಳೆಯುತ್ತೆ ಅನ್ನೋ ಭಯ ಬೇಡ. ಹೌದು ಅಂದ್ರೆ ಅವತ್ತೇ ಸೈಕಿಯಾಟ್ರಿಸ್ಟ್, ಫಾರ್ಮ್ ಆಮೇಲೆ.

ನಂಗೆ ನಿಜವಾಗಿ ಉಪಯೋಗ ಆಗೋದು ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್, ಅಂದ್ರೆ ಅವರ ಜೊತೆ ಕೂತು ಇಟ್ಕೊಂಡ ಗುರಿ ಎಷ್ಟು ಮುಟ್ಟಿದ್ರು ಅಂತ ಮೈನಸ್ 2ರಿಂದ ಪ್ಲಸ್ 2ರವರೆಗೆ ಅಳೆಯೋದು, ಸೊನ್ನೆ ಅಂದ್ರೆ ಅಂದ್ಕೊಂಡಷ್ಟು ಆಯ್ತು ಅಂತ. 1968ರಿಂದ ಇದೆ, ಆದ್ರೂ ಇಲ್ಲಿ ಬಳಸೋರು ಕಮ್ಮಿ. ಗಂಡ ತೀರ್ಕೊಂಡ ಮೇಲೆ ಭಜನೆ ಬಿಟ್ಟ ಅಮ್ಮ ಒಬ್ರು, ಅವರನ್ನೇ ಕೇಳಿ ಬರ್ಕೊಂಡಿದ್ದು: ಮೈನಸ್ 2 ಅಂದ್ರೆ ರೂಮಿಂದ ಹೊರಗೇ ಬರಲ್ಲ, ಸೊನ್ನೆ ಅಂದ್ರೆ ಶನಿವಾರ ಭಜನೆಗೆ ಹೋಗಿ ಕೂರೋದು, ಪ್ಲಸ್ 2 ಅಂದ್ರೆ ತಾನೇ ಹಾಡು ಎತ್ಕೊಳ್ಳೋದು. ಜಿಡಿಎಸ್ ಎರಡೇ ಪಾಯಿಂಟ್ ಇಳೀತು, ಅಷ್ಟು ಏರಿಳಿತ ಸುಮ್ನೇನೂ ಆಗುತ್ತೆ, ಆದ್ರೆ ಅಮ್ಮ ಭಜನೆಗೆ ಹೋಗೋಕೆ ಶುರು ಮಾಡಿದ್ರು.

ಇನ್ನೊಂದು, ಪ್ರಶ್ನೆ ಓದಿ ಹೇಳೋರು ಪ್ರತಿಸಲ ಒಬ್ರೇ ಇರ್ಬೇಕು, ಭಾಷೆನೂ ಅದೇ, ಒಮ್ಮೆ ಕನ್ನಡ ಒಮ್ಮೆ ತುಳು ಆದ್ರೆ ಹೋಲಿಸೋಕಾಗಲ್ಲ. ಮನೆಯವರ ಮಾತು ಬೇರೆ ಕಾಲಂನಲ್ಲಿ ಬರೀತೀನಿ. ಆ ಅಮ್ಮನ ಸೊಸೆ ಕಂಪ್ಲೇಂಟ್ ಏನಂದ್ರೆ, ಮೊದ್ಲು ಸುಮ್ನೆ ಊಟ ಮಾಡ್ತಿದ್ರು, ಈಗ ಸಾರಿಗೆ ಉಪ್ಪು ಕಮ್ಮಿ ಅಂತಾರೆ.