ಗೋಡೆಯ ಮೇಲಿನ ‘ನೇವಿ ಅಜ್ಜ’ ಯಾರು?

ಅಂಕೋಲೆಯ ನಮ್ಮ ಅಜ್ಜಿಮನೆಯ ಜಗಲಿಯಲ್ಲಿ ಒಂದು ಫೋಟೋ ತೂಗುತ್ತಿತ್ತು. ಕಪ್ಪಗೆ ಕಾಣುವ ಸಮವಸ್ತ್ರ, ದುಂಡು ಟೋಪಿ, ಅಗಲ ಕಾಲರು. ಮೀಸೆ ಈಗಷ್ಟೇ ಮೂಡಿದ ಹುಡುಗ. ‘ಅದು ಅಜ್ಜಿಯ ದೊಡ್ಡಣ್ಣ, ನೇವಿಯಲ್ಲಿ ಕ್ಯಾಪ್ಟನ್ ಆಗಿದ್ದ’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಷ್ಟೋ ವರ್ಷ ನಾನೂ ಹಾಗೇ ನಂಬಿದ್ದೆ. ಫೋಟೋವನ್ನು ಸರಿಯಾಗಿ ನೋಡಲು ಕುಳಿತ ಮೇಲೆ ಗೊತ್ತಾಯಿತು, ಅವನು ದೊಡ್ಡಣ್ಣನೂ ಅಲ್ಲ, ಕ್ಯಾಪ್ಟನ್ನೂ ಅಲ್ಲ.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ ಮುಖದಿಂದ ಹುಡುಕಾಟ ಶುರು ಮಾಡಬೇಡಿ. ಒಂದೇ ಮನೆಯ ಅಣ್ಣತಮ್ಮಂದಿರು ಹಳೆಯ ಫೋಟೋದಲ್ಲಿ ಒಬ್ಬರ ಹಾಗೇ ಒಬ್ಬರು ಕಾಣುತ್ತಾರೆ. ಬಟ್ಟೆಯಿಂದ ವರ್ಷ ಹಿಡಿಯಿರಿ. ವರ್ಷ ಸಿಕ್ಕರೆ ವಯಸ್ಸಿನ ಲೆಕ್ಕ ಸಿಗುತ್ತದೆ. ಹೆಸರು ಆಮೇಲೆ.

ಮೊದಲು ಫ್ರೇಮಿನಿಂದ ಹೊರಗೆ

ಫ್ರೇಮಿನ ಹಿಂದಿನ ರಟ್ಟು ಬಿಚ್ಚಿ, ನಿಧಾನವಾಗಿ ತೆಗೆಯಿರಿ. ನಮ್ಮ ಕರಾವಳಿಯ ತೇವಕ್ಕೆ ಎಷ್ಟೋ ಫೋಟೋಗಳು ಗಾಜಿಗೆ ಅಂಟಿಕೊಂಡಿರುತ್ತವೆ. ಹಾಗಿದ್ದರೆ ಎಳೆಯಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ. ಒದ್ದೆ ಬಟ್ಟೆಯಿಂದ ಒರೆಸುವುದಂತೂ ಬೇಡವೇ ಬೇಡ. ಬಿಡಿಸಲು ಬಂದರೆ ಹಿಂಬದಿ ನೋಡಿ. ಸ್ಟುಡಿಯೋದ ಮುದ್ರೆ, ಊರಿನ ಹೆಸರು, ಪೆನ್ಸಿಲ್ಲಿನ ಎರಡು ಅಕ್ಷರ, ಏನಿದ್ದರೂ ಬರೆದಿಟ್ಟುಕೊಳ್ಳಿ. ಮುಂಬಯಿ ಅಥವಾ ಕರಾಚಿಯ ಸ್ಟುಡಿಯೋ ಮುದ್ರೆ ಇದ್ದರೆ ಅದು ದೊಡ್ಡ ಸುಳಿವು. ಆ ಕಾಲದಲ್ಲಿ ನೌಕಾಪಡೆಯ ತರಬೇತಿ ಹೆಚ್ಚಾಗಿ ನಡೆಯುತ್ತಿದ್ದದ್ದು ಅಲ್ಲೇ.

ಸ್ಕ್ಯಾನ್ ಕನಿಷ್ಠ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಇರಲಿ, ಅಂಗೈಯಗಲದ ಫೋಟೋ ಆದರೆ 1200. ಕಪ್ಪು ಬಿಳುಪಾದರೂ ಕಲರ್ ಮೋಡ್‌ನಲ್ಲೇ ಮಾಡಿ. ಇನ್ನೊಂದು ಮಾತು: ಹಳೆಯ ಫೋಟೋವನ್ನು ‘ಚಂದ ಮಾಡುವ’ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಮಸುಕಾದ ಜಾಗದಲ್ಲಿ ಅವು ತಮಗೆ ತೋಚಿದ ಅಕ್ಷರ, ತಮಗೆ ತೋಚಿದ ಬಿಲ್ಲೆ ತುಂಬಿಬಿಡುತ್ತವೆ. ನಮಗೆ ಬೇಕಾದದ್ದು ಅಲ್ಲಿ ನಿಜವಾಗಿ ಏನಿತ್ತು ಅನ್ನುವುದು, ಅಲ್ವಾ?

ಚಿತ್ರ ಎಡಬಲ ತಿರುಗಿದೆಯಾ ಎಂದೂ ನೋಡಿ. ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ ಫೋಟೋಗಳು ಇವೆ. ಟೋಪಿಯ ಮೇಲಿನ ಅಕ್ಷರ ಉಲ್ಟಾ ಕಂಡರೆ ಕಂಪ್ಯೂಟರಿನಲ್ಲಿ ತಿರುಗಿಸಿಕೊಳ್ಳಿ. ಮುಂದೆ ಎಡ ತೋಳು, ಬಲ ತೋಳು ಅನ್ನುವುದು ಬಹಳ ಮುಖ್ಯವಾಗುತ್ತದೆ.

ಇದು ನೇವಿಯೇ ಹೌದಾ?

ನಮ್ಮಲ್ಲಿ ‘ಹಡಗಿನಲ್ಲಿದ್ದ’ ಎಂದರೆ ನೇವಿ ಎಂದೇ ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಮಂಗಳೂರು, ಕಾರವಾರ, ಗೋವಾ ಕಡೆಯ ಎಷ್ಟೋ ಜನ ದುಡಿದದ್ದು ಸರಕು ಹಡಗು, ಪ್ರಯಾಣಿಕರ ಹಡಗುಗಳಲ್ಲಿ, ಅಂದರೆ ಮರ್ಚೆಂಟ್ ನೇವಿಯಲ್ಲಿ. ಫೋಟೋದಲ್ಲಿರುವವರು ಅಧಿಕಾರಿಯಾಗಿದ್ದರೆ ತೋಳಿನ ತುದಿಯ ಚಿನ್ನದ ಪಟ್ಟಿ ನೋಡಿ. ನೌಕಾಪಡೆಯ ಪಟ್ಟಿಯ ಮೇಲ್ಗಡೆ ಒಂದು ದುಂಡು ಸುರುಳಿ ಇರುತ್ತದೆ. ಮರ್ಚೆಂಟ್ ನೇವಿಯಲ್ಲಿ ಆ ಜಾಗಕ್ಕೆ ಸಾಮಾನ್ಯವಾಗಿ ವಜ್ರದಾಕಾರದ ಗಂಟು ಬರುತ್ತದೆ. ಮರ್ಚೆಂಟ್ ನೇವಿಯವರ ದಾಖಲೆ ಬೇರೆ ಕಡೆ ಇರುತ್ತದೆ. ಹಾಗಾಗಿ ಇದು ಮೊದಲೇ ಇತ್ಯರ್ಥವಾದರೆ ಸುಮ್ನೆ ಅಲೆಯುವುದು ತಪ್ಪುತ್ತದೆ.

ಸ್ಟುಡಿಯೋದಲ್ಲಿ ಪುಟ್ಟ ಮಗು ನಾವಿಕರ ಕಾಲರ್ ಹಾಕಿಕೊಂಡು ನಿಂತಿದ್ದರೆ ಅದು ಆ ಕಾಲದ ಫ್ಯಾಷನ್, ಅಷ್ಟೇ. ಕಾಲೇಜು ಹುಡುಗನಾದರೆ ಎನ್‌ಸಿಸಿಯ ನೌಕಾ ವಿಭಾಗವೂ ಇರಬಹುದು.

ಸೀರೆ ಉಟ್ಟವರನ್ನೂ ಬಿಟ್ಟುಬಿಡಬೇಡಿ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ನೌಕಾಪಡೆಗೆ ಮಹಿಳೆಯರ ವಿಭಾಗವೂ ಇತ್ತು. ಅದರ ಅಧಿಕಾರಿ ಕಲ್ಯಾಣಿ ಸೇನ್ 1945ರಲ್ಲಿ ಬ್ರಿಟನ್ನಿಗೆ ಹೋದಾಗ ತೆಗೆದ ಫೋಟೋದಲ್ಲಿ ಅವರು ಸೀರೆಯಲ್ಲೇ ಇದ್ದಾರೆ. ನಿಮ್ಮ ಅಜ್ಜಿಯ ಸೀರೆಯ ಹೆಗಲ ಮೇಲೆ ಪಟ್ಟಿ ಕಂಡರೆ ಎರಡು ಸಲ ನೋಡಿ.

ಟೋಪಿಯ ರಿಬ್ಬನ್ ಓದುವುದು

ನಾವಿಕನ ದುಂಡು ಟೋಪಿಗೆ ಕಪ್ಪು ರಿಬ್ಬನ್, ಅದರ ಮೇಲೆ ಇಂಗ್ಲಿಷ್ ಅಕ್ಷರ. ವರ್ಷ ಹಿಡಿಯಲು ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಹಿಂದೆ ರಾಯಲ್ ಇಂಡಿಯನ್ ಮರೀನ್ ಆಗಿದ್ದದ್ದು 1934ರ ಅಕ್ಟೋಬರ್ 2ರಂದು ರಾಯಲ್ ಇಂಡಿಯನ್ ನೇವಿ ಆಯಿತು. ಅದರ ಹಡಗುಗಳ ಹೆಸರಿನ ಮುಂದೆ ಎಚ್ಎಂಐಎಸ್ (ಹಿಸ್ ಮೆಜೆಸ್ಟಿಸ್ ಇಂಡಿಯನ್ ಶಿಪ್) ಎಂದಿರುತ್ತಿತ್ತು. 1950ರ ಜನವರಿ 26ರಿಂದ ಅದು ಐಎನ್ಎಸ್ (ಇಂಡಿಯನ್ ನೇವಲ್ ಶಿಪ್). ಇಲ್ಲಿ ಬಹಳ ಜನ ಎಡವುತ್ತಾರೆ. ಸ್ವಾತಂತ್ರ್ಯ ಬಂದ ದಿನವೇ ಎಲ್ಲ ಬದಲಾಗಲಿಲ್ಲ. 1947ರಿಂದ 1950ರವರೆಗೂ ನೌಕಾಪಡೆಯ ಹೆಸರಿನಲ್ಲಿ ‘ರಾಯಲ್’ ಉಳಿದಿತ್ತು, ಬಿಲ್ಲೆಗಳ ಮೇಲೆ ಬ್ರಿಟಿಷ್ ಕಿರೀಟವೂ ಇತ್ತು. ಅಶೋಕನ ಸಿಂಹ ಬಂದದ್ದು ಗಣರಾಜ್ಯವಾದ ಮೇಲೆ. ಕಿರೀಟ ಕಂಡ ಮಾತ್ರಕ್ಕೆ ‘ಸ್ವಾತಂತ್ರ್ಯಕ್ಕೆ ಮುಂಚಿನದು’ ಎಂದು ಬರೆದಿಡಬೇಡಿ.

ನಮ್ಮ ಫೋಟೋದ ರಿಬ್ಬನ್ನಿನಲ್ಲಿ ಬರೀ ಎಚ್ಎಂಐಎಸ್ ಎಂದಿತ್ತು, ಹಡಗಿನ ಹೆಸರೇ ಇಲ್ಲ. ಅಳಿಸಿಹೋಗಿದೆ ಎಂದುಕೊಂಡಿದ್ದೆ. ಅಳಿಸಿಹೋದದ್ದಲ್ಲ. ಯುದ್ಧಕಾಲದಲ್ಲಿ ಯಾವ ಹಡಗು ಯಾವ ಬಂದರಿನಲ್ಲಿದೆ ಎಂದು ಶತ್ರುವಿಗೆ ಗೊತ್ತಾಗಬಾರದೆಂದು ಹೆಸರನ್ನು ಬಿಟ್ಟೇ ರಿಬ್ಬನ್ ಮಾಡುತ್ತಿದ್ದರು. ಆ ಖಾಲಿ ಜಾಗವೇ ನನಗೆ ‘ಯುದ್ಧದ ವರ್ಷಗಳು’ ಎಂದು ಹೇಳಿತು.

ಹೆಸರು ಇದ್ದರೂ ಅದು ಹಡಗೇ ಆಗಿರಬೇಕಿಲ್ಲ. ದಡದ ಮೇಲಿನ ತರಬೇತಿ ಕೇಂದ್ರಗಳಿಗೂ ಹಡಗಿನ ಹಾಗೇ ಹೆಸರಿಡುತ್ತಾರೆ. ತಲ್ವಾರ್ ಆಗ ಮುಂಬಯಿಯ ಸಿಗ್ನಲ್ ಶಾಲೆಯಾಗಿತ್ತು. 1946ರ ಫೆಬ್ರವರಿ 18ರಂದು ನಾವಿಕರ ಬಂಡಾಯ ಶುರುವಾದದ್ದು ಅಲ್ಲಿಯೇ. ಬಹಾದೂರ್ ಇದ್ದದ್ದು ಕರಾಚಿಯಲ್ಲಿ, ಶಿವಾಜಿ ಇರುವುದು ಲೋನಾವಳದಲ್ಲಿ. ಹೆಸರಿನ ಕಾಗುಣಿತವೂ ಕಾಲ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ಕಟ್ಟಿ 1943ರಲ್ಲಿ ಸೇವೆಗೆ ಬಂದ ಎರಡು ಹಡಗುಗಳಿಗೆ ನಮ್ಮ ನದಿಗಳದ್ದೇ ಹೆಸರು. ಬ್ರಿಟಿಷರ ಬಾಯಲ್ಲಿ ಅವು ‘ಕಾವೆರಿ’ ಮತ್ತು ‘ಕಿಸ್ತ್ನಾ’. ಮುಂದೆ ನಮ್ಮ ಉಚ್ಚಾರಕ್ಕೆ ಸರಿಯಾಗಿ ಕಾವೇರಿ, ಕೃಷ್ಣಾ ಎಂದು ಬದಲಾಯಿಸಿ ಬರೆದರು. ಹಾಗಾಗಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಎಣಿಸಿ ಓದಿ.

ತೋಳು ಹೇಳುವ ಕತೆ

ಸಾಮಾನ್ಯ ನಾವಿಕನ ಎಡ ತೋಳಿನಲ್ಲಿ ದರ್ಜೆ, ಬಲ ತೋಳಿನಲ್ಲಿ ಕೆಲಸ. ಎಡ ತೋಳಿನಲ್ಲಿ ಒಂದು ಲಂಗರು ಇದ್ದರೆ ಲೀಡಿಂಗ್ ಸೀಮನ್. ಕತ್ತರಿಯಾದ ಎರಡು ಲಂಗರು, ಮೇಲೆ ಕಿರೀಟ ಇದ್ದರೆ ಪೆಟಿ ಆಫೀಸರ್. ಅದರ ಕೆಳಗೆ ಮೂತಿ ಕೆಳಗಾದ ವಿ ಆಕಾರದ ಪಟ್ಟಿಗಳಿದ್ದರೆ ಅವು ಒಳ್ಳೆಯ ನಡತೆಯ ಗುರುತು. ಬ್ರಿಟಿಷ್ ಪದ್ಧತಿಯಲ್ಲಿ 3, 8, 13 ವರ್ಷದ ಸೇವೆಗೆ ಒಂದೊಂದು. ಇವನ್ನು ಸೈನ್ಯದ ನಾಯಕ್, ಹವಾಲ್ದಾರರ ಪಟ್ಟಿ ಎಂದು ತಿಳಿಯಬೇಡಿ. ಇವು ದರ್ಜೆಯನ್ನು ಹೇಳುವುದಿಲ್ಲ, ಸೇವೆಯ ವರ್ಷಗಳನ್ನು ಹೇಳುತ್ತವೆ.

ಬಲ ತೋಳಿನಲ್ಲಿ ಫಿರಂಗಿ ಇದ್ದರೆ ಗನ್ನರ್, ಎರಡು ಬಾವುಟ ಇದ್ದರೆ ಸಿಗ್ನಲ್‌ನವರು, ಮಿಂಚು ಮತ್ತು ರೆಕ್ಕೆ ಇದ್ದರೆ ವೈರ್‌ಲೆಸ್, ಹಡಗಿನ ಪಂಖ (ಪ್ರೊಪೆಲ್ಲರ್) ಇದ್ದರೆ ಬಾಯ್ಲರ್ ಕೋಣೆಯ ಸ್ಟೋಕರ್.

ಮೊದಲ ನೋಟಕ್ಕೆ ನಮ್ಮ ಫೋಟೋದ ಎರಡೂ ತೋಳು ಖಾಲಿಯಾಗಿದ್ದವು. ಇದಕ್ಕೊಂದು ಕಾರಣವಿದೆ. ಹಳೆಯ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಎಷ್ಟೋ ಪ್ಲೇಟುಗಳಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಕೆಂಪು ಕಪ್ಪಾಗಿ ಬರುತ್ತಿತ್ತು. ಕಡುನೀಲಿ ಬಟ್ಟೆಯ ಮೇಲೆ ಕೆಂಪು ದಾರದ ಬಿಲ್ಲೆ ಹೊಲಿದಿದ್ದರೆ ಎರಡೂ ಕಪ್ಪಾಗಿ ಬೆರೆತುಹೋಗುತ್ತವೆ. ಸ್ಕ್ಯಾನ್‌ನಲ್ಲಿ ಬಲ ತೋಳನ್ನು ಮಾತ್ರ ಕತ್ತರಿಸಿ ಬೆಳಕು, ಕಾಂಟ್ರಾಸ್ಟ್ ಏರಿಸಿದೆ. ನಿಧಾನವಾಗಿ ಮೂರು ರೆಕ್ಕೆಯ ಪಂಖ ಎದ್ದು ಬಂತು. ಆ ಸಂಜೆ ನಾನು ಬೇರೆ ಕೆಲಸ ಮಾಡಲಿಲ್ಲ.

ಅಲ್ಲಿಗೆ ‘ಕ್ಯಾಪ್ಟನ್’ ಮಾತು ಮುಗಿಯಿತು. ನೌಕಾಪಡೆಯ ಕ್ಯಾಪ್ಟನ್‌ಗೆ ತೋಳಿನಲ್ಲಿ ನಾಲ್ಕು ಚಿನ್ನದ ಪಟ್ಟಿ ಇರುತ್ತದೆ, ಲೆಫ್ಟಿನೆಂಟ್‌ಗೆ ಎರಡು. ಯುದ್ಧಕ್ಕೆಂದು ಸೇರಿದ ವಾಲಂಟಿಯರ್ ರಿಸರ್ವ್ ಅಧಿಕಾರಿಗಳ ಪಟ್ಟಿ ಅಲೆಯಂತೆ ಬಳುಕುತ್ತಿತ್ತು. ಅಧಿಕಾರಿಗಳು ದುಂಡು ಟೋಪಿ ಹಾಕುತ್ತಿರಲಿಲ್ಲ, ಮುಂದೆ ಚುಂಚಿರುವ ಟೋಪಿ ಹಾಕುತ್ತಿದ್ದರು. ನಮ್ಮವನು ಸ್ಟೋಕರ್. ಬಿಸಿಲು ಕಾಣದ ಕೋಣೆಯಲ್ಲಿ, ಹಡಗು ಮುಳುಗಿದರೆ ಮೊದಲು ನೀರು ನುಗ್ಗುವ ಕಡೆ ಕೆಲಸ ಮಾಡಿದವನು. ಮನೆಯವರಿಗೆ ಇದನ್ನು ಹೇಳುವಾಗ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ವರ್ಷದಿಂದ ಹೆಸರಿಗೆ

ಈಗ ಕಾಗದದ ಮೇಲೆ ಮನೆಯ ಗಂಡುಮಕ್ಕಳ ಪಟ್ಟಿ ಮಾಡಿ. ಪ್ರತಿಯೊಬ್ಬರ ಮುಂದೆ ಹುಟ್ಟಿದ ವರ್ಷ ಬರೆಯಿರಿ. ವರ್ಷ ಗೊತ್ತಿಲ್ಲದಿದ್ದರೆ ಶಾಲೆಯ ದಾಖಲೆ, ಜಾತಕ, ‘ಆ ದೊಡ್ಡ ನೆರೆ ಬಂದ ವರ್ಷ’ ಎನ್ನುವ ನೆನಪು, ಯಾವುದಾದರೂ ಆದೀತು. ಫೋಟೋದ ಕಾಲಕ್ಕೆ ಯಾರಿಗೆ ಎಷ್ಟು ವಯಸ್ಸು? ನಮ್ಮ ದೊಡ್ಡಣ್ಣ ಹುಟ್ಟಿದ್ದು 1910ರಲ್ಲಿ. ಯುದ್ಧಕಾಲಕ್ಕೆ ಮೂವತ್ತು ದಾಟಿ, ಮೂರು ಮಕ್ಕಳ ತಂದೆ. ಅವನ ತಮ್ಮ, ಅಂದರೆ ನಮ್ಮ ಚಿಕ್ಕಜ್ಜ, 1923ರವನು. ತೋಳಿನಲ್ಲಿ ಒಳ್ಳೆಯ ನಡತೆಯ ಪಟ್ಟಿ ಒಂದೂ ಇಲ್ಲದ, ಎಳೆ ಮೀಸೆಯ ಸ್ಟೋಕರ್ ಯಾರು ಎನ್ನುವುದರಲ್ಲಿ ಆಮೇಲೆ ಹೆಚ್ಚು ಅನುಮಾನ ಉಳಿಯಲಿಲ್ಲ.

ಹಿರಿಯರನ್ನು ಕೇಳುವಾಗ ‘ಇದು ದೊಡ್ಡಣ್ಣ ಅಲ್ವಾ?’ ಎಂದು ಕೇಳಬೇಡಿ. ಹೌದು ಎಂದುಬಿಡುತ್ತಾರೆ. ಫೋಟೋ ಕೈಗೆ ಕೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಮನಿಯಾರ್ಡರ್ ಎಲ್ಲಿಂದ ಬರುತ್ತಿತ್ತು, ರಜೆಗೆ ಬಂದಾಗ ಏನು ತಂದಿದ್ದ ಎಂದು ಕೇಳಿ. ನಮ್ಮ ಸೋದರತ್ತೆಗೆ ಹೆಸರು ನೆನಪಾಗಲಿಲ್ಲ. ಆದರೆ ‘ಎಣ್ಣೆ ವಾಸನೆಯ ಟ್ರಂಕು’ ನೆನಪಿತ್ತು.

ದಾಖಲೆಗೆ ಎಲ್ಲಿ ಹೋಗುವುದು?

ಮೊದಲು ನೆಂಟರ ಮನೆಗೆ. ಸೇವಾ ಪ್ರಮಾಣಪತ್ರ, ಪಿಂಚಣಿ ಪುಸ್ತಕ, ಪದಕ, ಇವು ಹೆಚ್ಚಾಗಿ ಹೆಣ್ಣುಮಕ್ಕಳ ಮನೆಗೆ ಹೋಗಿರುತ್ತವೆ. ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಕೆಲವದರಲ್ಲಿ ಹೆಸರು, ನಂಬರು ಕೊರೆದಿರುತ್ತಾರೆ. ನಂಬರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸ್ವಾತಂತ್ರ್ಯದ ನಂತರವೂ ಸೇವೆಯಲ್ಲಿದ್ದ ನಾವಿಕರ ವಿಷಯಕ್ಕೆ ಮುಂಬಯಿಯಲ್ಲಿರುವ ನೌಕಾಪಡೆಯ ಬ್ಯೂರೋ ಆಫ್ ಸೇಲರ್ಸ್‌ಗೆ ಬರೆಯಬಹುದು. ಹೇಗೆ ಬರೆಯುವುದು ಎಂದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ ಉಚಿತವಾಗಿ ಹುಡುಕಬಹುದು. ಸಮುದ್ರದಲ್ಲೇ ಕಳೆದುಹೋದ 6,000ಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರು ಅದರ ಮುಂಬಯಿ ಸ್ಮಾರಕದ ಪಟ್ಟಿಯಲ್ಲಿದೆ. ಇದರಲ್ಲಿ ಮರ್ಚೆಂಟ್ ನೇವಿಯವರೂ ಸೇರಿದ್ದಾರೆ.

ಹುಡುಕುವಾಗ ‘ಕರ್ನಾಟಕ’ ಎಂದು ಹಾಕಿದರೆ ಏನೂ ಸಿಗುವುದಿಲ್ಲ. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಮೈಸೂರು ಬೇರೆಯೇ ಸಂಸ್ಥಾನ. ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ‘ಕೆನರಾ’. ನಮ್ಮವರ ಹೆಸರುಗಳದ್ದೂ ಪಾಡು ಅಷ್ಟೇ. ಊರಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಇದರಲ್ಲಿ ಯಾವುದನ್ನು ಕೊನೆಗೆ ಬರೆದರೋ ಗೊತ್ತಾಗುವುದಿಲ್ಲ. ಎಲ್ಲ ಜೋಡಣೆಗಳನ್ನೂ, ಎಲ್ಲ ಕಾಗುಣಿತಗಳನ್ನೂ ಹಾಕಿ ನೋಡಿ.

ನಮಗೆ ಕಾಗದ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ಚಿಕ್ಕಜ್ಜನ ಮಗಳ ಮನೆಯ ಕಪಾಟಿನಲ್ಲಿ. ಮಡಿಕೆ ಹರಿದ ಪ್ರಮಾಣಪತ್ರ. ಕೆಲಸ, ಸ್ಟೋಕರ್. ಹಡಗು, ಎಚ್ಎಂಐಎಸ್ ಕಾವೆರಿ. ಅಪ್ಪ ಹಡಗಿನ ಮಾತು ಆಡಿದ್ದೇ ಇಲ್ಲ ಎಂದು ಅವರು ಹೇಳಿದರು. ಅಂಕೋಲೆಯ ಫೋಟೋವನ್ನು ಅವರು ನೋಡಿಯೇ ಇರಲಿಲ್ಲ. ಒಂದು ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟೆ. ಮೂಲ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹೆಸರು, ಹುಟ್ಟಿದ ವರ್ಷ, ಹಡಗು, ಮತ್ತು ಇದನ್ನು ಹೇಗೆ ತಿಳಿದೆವು ಎಂದು ಬರೆದೆ. ಪೆನ್ ಬೇಡ, ಶಾಯಿ ಈಚೆಗೆ ಇಳಿಯುತ್ತದೆ. ಅದೇ ಮೊಳೆಗೆ ಮತ್ತೆ ತೂಗುಹಾಕಿದೆವು.