ಉನೋ ಬೋರ್ಡಿನಲ್ಲಿ ನಾಲ್ಕು ಚಾನೆಲ್ ಸ್ಕೋಪ್: ನನ್ನ ಅನುಭವ

ಆರ್ಡುಯಿನೊ ಉನೋ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡನ್ನೇ ಸ್ಕೋಪ್, ಅಂದರೆ ವಿದ್ಯುತ್ ಅಲೆಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್, ಮಾಡಲು ಹೊರಟಾಗ ‘ನಾಕು ಚಾನೆಲ್ ಇದರಾಗ ಬರಂಗಿಲ್ಲ, ಸೌಂಡ್ ಕಾರ್ಡೇ ಚಲೋ’ ಅಂತಿದ್ದರು ಹುಬ್ಬಳ್ಳಿಯ ರಿಪೇರಿ ಗೆಳೆಯರು. ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಇರೋದೇ ಎರಡು ಚಾನೆಲ್, ಮೇಲಾಗಿ ಡಿಸಿ ತೋರಿಸುವುದಿಲ್ಲ. ಈಗ ಆರ್ಡುಯಿನೊ ಉನೋ ಕ್ಲೋನಿನಲ್ಲೇ ನಾಲ್ಕೂ ಗೆರೆ ಅಲುಗಾಡದೆ ನಿಂತಿವೆ. ಬಿಡಿಭಾಗ ಸೇರಿ ಆರುನೂರು ರೂಪಾಯಿ ಆಸುಪಾಸು ರೊಕ್ಕ ಹೋಯಿತು.

ನಿಧಾನವಾದರೆ ಎಲ್ಲರೂ ಎಡಿಸಿಯನ್ನು (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಬೈಯುತ್ತಾರೆ, ತಪ್ಪು ಸೀರಿಯಲ್‌ನದು, ಅಂದರೆ ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸುವ ದಾರಿಯದು. ನಾಲ್ಕು ಅಂಕಿಗಳನ್ನು ಅಕ್ಷರವಾಗಿ ಪ್ರಿಂಟ್ ಮಾಡಿದರೆ 20 ಬೈಟ್. 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಸೆಕೆಂಡಿಗೆ 580 ಸಾಲೂ ದಾಟುವುದಿಲ್ಲ. ಎಡಿಸಿಯ 10 ಬಿಟ್ ಫಲಿತಾಂಶವನ್ನು ಎಡಕ್ಕೆ ಸರಿಸುವ ಎಡಿಎಲ್‌ಎಆರ್ ಬಿಟ್ ಏರಿಸಿ ಮೇಲಿನ 8 ಬಿಟ್ ಮಾತ್ರ ಓದಿ, ಮುಂದೆ 255 ಎಂಬ ಗುರುತಿನ ಬೈಟ್ ಇಟ್ಟರೆ ಒಂದು ಫ್ರೇಮಿಗೆ (ನಾಲ್ಕೂ ಚಾನೆಲ್ ಒಂದು ಸುತ್ತು) ಐದೇ ಬೈಟ್ ಸಾಕು. ಡೇಟಾ 254ಕ್ಕೆ ನಿಲ್ಲಬೇಕು. ಬಾಡ್ 500000 ಇಡಿ, 16 ಮೆಗಾಹರ್ಟ್ಜ್ ಕ್ರಿಸ್ಟಲ್‌ಗೆ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಎಡಿಸಿಯ ಗಡಿಯಾರದ ವೇಗವನ್ನು ಭಾಗಿಸುವ ಪ್ರಿಸ್ಕೇಲರ್ 128ರಿಂದ 16ಕ್ಕೆ ಇಳಿಸಿದರೆ ಒಂದು ಓದಿಗೆ 13 ಮೈಕ್ರೊಸೆಕೆಂಡ್. 10 ಬಿಟ್ ನಿಖರತೆ ಹೋಗುತ್ತದೆ, 8 ಬಿಟ್‌ಗೆ ಚಿಂತೆಯಿಲ್ಲ. ನನಗೆ ಸೆಕೆಂಡಿಗೆ ಏಳೆಂಟು ಸಾವಿರ ಫ್ರೇಮ್ ಸಿಕ್ಕವು. ಸಿಂಕ್ ತಪ್ಪಿದರೆ ತಕ್ಷಣ ಹಿಡಿಯುವ ಕೋಡ್ ಮಾತ್ರ ನನ್ನ ಬಳಿಯೇ ಇರಲಿ.

ಹೆಚ್ಚು ಕಾಡಿದ್ದು ನೆರಳು. ಮೊದಲ ಚಾನೆಲ್‌ಗೆ ಚೌಕ ಅಲೆ ಕೊಟ್ಟರೆ 100ಕೆ ಪಾಟ್ (ತಿರುಗಿಸುವ ರೆಸಿಸ್ಟರ್; ಕೆ ಅಂದರೆ ಸಾವಿರ ಓಮ್) ಇರುವ ಎರಡನೆಯದರಲ್ಲೂ ಅದರ ಮಸುಕು ಪ್ರತಿ ಕಾಣುತ್ತಿತ್ತು. ಎಡಿಸಿ ಒಳಗಿನ ಸುಮಾರು 14 ಪಿಕೊಫ್ಯಾರಡ್ ಕೆಪಾಸಿಟರ್‌ನಲ್ಲಿ ಹಿಂದಿನ ಚಾನೆಲ್‌ನ ಚಾರ್ಜ್ ಉಳಿದಿರುತ್ತದೆ. ಸಿಗ್ನಲ್ ಕೊಡುವ ಕಡೆಯ ರೆಸಿಸ್ಟೆನ್ಸ್ 10ಕೆ ದಾಟಿದರೆ ಅದು ಹೊತ್ತಿಗೆ ಸರಿಯಾಗಿ ಬದಲಾಗುವುದಿಲ್ಲ. ಚಾನೆಲ್ ಬದಲಿಸಿದ ಮೇಲೆ ಮೊದಲ ಓದನ್ನು ಎಸೆಯಿರಿ. ಅದೊಂದೇ ಸಾಲಲಿಲ್ಲ. ಪ್ರತಿ ಪಿನ್ನಿಗೆ ಸರಣಿಯಲ್ಲಿ 1ಕೆ, ಪಿನ್ನಿನಿಂದ ಗ್ರೌಂಡಿಗೆ 10 ನ್ಯಾನೊಫ್ಯಾರಡ್ ಹಾಕಿದ ಮೇಲೆ ನೆರಳು ಹೋಯಿತು. ಎಲ್‌ಎಂ358 ಎಂಬ ಆಂಪ್ಲಿಫೈಯರ್ ಚಿಪ್ಪನ್ನು ನಡುವೆ ಬಫರ್ ಮಾಡಿಯೂ ನೋಡಿದೆ. 5 ವೋಲ್ಟ್ ಸಪ್ಲೈನಲ್ಲಿ ಅದರ ಔಟ್‌ಪುಟ್ ಮೂರೂವರೆ ವೋಲ್ಟ್ ಹತ್ತಿರವೇ ತಲೆ ಕತ್ತರಿಸುತ್ತದೆ, ತೆಗೆದಿಟ್ಟೆ. ಖಾಲಿ ಇನ್‌ಪುಟ್ಟನ್ನು ಗ್ರೌಂಡ್ ಮಾಡಿ, ಇಲ್ಲದಿದ್ದರೆ ಅಲ್ಲೂ ಅಲೆ ಕಾಣುತ್ತದೆ.

ಒಂದೇ ಸಿಗ್ನಲ್ ನಾಲ್ಕಕ್ಕೂ ಕೊಟ್ಟು ನೋಡಿ. ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ, ಚಾನೆಲ್‌ಗಳನ್ನು ಒಂದಾದ ಮೇಲೊಂದು, ಎಸೆಯುವ ಓದೂ ಸೇರಿ ಎರಡೆರಡು ಸಲ ಓದುತ್ತೇವಲ್ಲ. ಚಾನೆಲ್‌ಗಳ ನಡುವೆ ಸುಮಾರು 30 ಮೈಕ್ರೊಸೆಕೆಂಡ್, ಅಂದರೆ 1 ಕಿಲೋಹರ್ಟ್ಜ್‌ನಲ್ಲಿ 11 ಡಿಗ್ರಿ ಅಂತರ. ಪೈಥಾನ್‌ನಲ್ಲಿ ಪ್ರತಿ ಗೆರೆಯ ಸಮಯವನ್ನು ಅಷ್ಟಷ್ಟು ಸರಿಸಿಯೇ ಬಿಡಿಸಿ. ಗ್ರಾಫ್ ಬಿಡಿಸುವ ಲೈಬ್ರರಿಗಳಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ತೆವಳುತ್ತದೆ, ಪೈಕ್ಯೂಟಿಗ್ರಾಫ್ ಹಾಕಿ.

ಯುಎಸ್‌ಬಿ ಗ್ರೌಂಡೇ ಸ್ಕೋಪಿನ ಗ್ರೌಂಡ್. ಮೇನ್ಸ್‌ಗಾಗಲಿ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಪ್ರೈಮರಿಗಾಗಲಿ, ಅಂದರೆ ಅದರ ಮೇನ್ಸ್ ಬದಿಗಾಗಲಿ, ಕ್ಲಿಪ್ ತಾಗಿಸಲೇಬೇಡಿ, ಜೀವಕ್ಕೇ ಅಪಾಯ. ಗದಗ ಕಡೆಯ ಪಂಪ್‌ಸೆಟ್ಟೊಂದರ ಮೂರೂ ಫೇಸನ್ನು ಮೂರು 9 ವೋಲ್ಟ್ ಟ್ರಾನ್ಸ್‌ಫಾರ್ಮರ್, ವೋಲ್ಟೇಜ್ ಇಳಿಸುವ 47ಕೆ–4.7ಕೆ ಡಿವೈಡರ್, ಅಲೆಯನ್ನು ಸೊನ್ನೆಯ ಮೇಲಕ್ಕೆತ್ತುವ ಎರಡೂವರೆ ವೋಲ್ಟ್ ಬಯಾಸ್ ಮೂಲಕವೇ ನೋಡಿದೆ. ಅಲೆಗಳ ನಡುವೆ 6.7 ಮಿಲಿಸೆಕೆಂಡ್ ಅಂತರ ಸರಿಯಾಗಿ ಬಂತು. 50 ಹರ್ಟ್ಜ್‌ನಲ್ಲಿ ಆ 30 ಮೈಕ್ರೊಸೆಕೆಂಡ್ ಅರ್ಧ ಡಿಗ್ರಿಯಷ್ಟೇ, ಅಲ್ಲಿ ಗೆರೆ ಸರಿಸುವ ಕೆಲಸವೂ ಬೇಡ.